ಬಿದಿರು ಒಳಗಿದ್ದ ಆಷಾಢ

ಹೋದ ತಿಂಗಳು ಇಂದಿರಾನಗರದ ಒಂದು ಲ್ಯಾಬಿನಲ್ಲಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಳ್ಳಲು ಮಲಗಿದ್ದೆ. ಪಿತ್ತಕೋಶದಲ್ಲಿ ಕಲ್ಲಿರಬಹುದು ಎಂಬ ಅನುಮಾನ, ದೊಡ್ಡದೇನಲ್ಲ. ಕೋಣೆಯ ದೀಪ ಆರಿಸಿದರು. ಚಿಕ್ಕ ವಯಸ್ಸಿನ ಡಾಕ್ಟರು ನನ್ನ ಪಕ್ಕೆಯ ಮೇಲೆ ಪ್ರೋಬ್ ಇಟ್ಟು ಪರದೆ ನೋಡುತ್ತಾ ಕುಳಿತರು. ಒಂದು ಜಾಗದಲ್ಲಿ ಕೈ ನಿಲ್ಲಿಸಿದರು, ಸ್ವಲ್ಪ ವಾಲಿಸಿದರು, ಬೇರೆ ಕಡೆ ಹೋಗಿ ಮತ್ತೆ ಅಲ್ಲಿಗೇ ಬಂದರು. "ಆಂಟಿ, ಟೆನ್ಷನ್ ಮಾಡ್ಕೋಬೇಡಿ, ಉಸಿರು ಬಿಡಿ," ಎಂದರು. ನಾನು ಉಸಿರು ಹಿಡಿದದ್ದು ಕಲ್ಲಿನ ಭಯಕ್ಕಲ್ಲ ಎಂದು ಅವರಿಗೆ ತಿಳಿಯುವುದಾದರೂ ಹೇಗೆ? ಕತ್ತಲೆ ಕೋಣೆ, ಬೂದು ಪರದೆ, ಮಾತಾಡದೆ ಒಂದೇ ಕಡೆ ನೋಡುವ ಡಾಕ್ಟರು. ಇವು ನನ್ನ ಮಟ್ಟಿಗೆ ನಾದಿನಿ ರತ್ನಳ ಮದುವೆ ಗೊತ್ತಾಗಿದ್ದ ವರ್ಷಕ್ಕೆ ಸೇರಿದವು.

ಆಗ ನಾವು ಹಲಸೂರು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿದ್ದೆವು. ಹೊಸ ಶತಮಾನ ಶುರುವಾಗಿ ಹೆಚ್ಚು ಕಾಲವಾಗಿರಲಿಲ್ಲ. ಗಂಡನ ಮನೆಯವರಿಗೆ ಹಿಂದೆ ಕೆರೆಯಾಚೆ ಸೊಪ್ಪು ಬೆಳೆಯುವ ಹೊಲವಿತ್ತಂತೆ. ಅದು ಬಡಾವಣೆಯಾಗಿ ಹೋದ ಮೇಲೆ ಮಾವ ಶಾಮಿಯಾನದ ಅಂಗಡಿ ಇಟ್ಟರು. ಅವರು ತೀರಿಕೊಂಡ ನಂತರ ನನ್ನ ಗಂಡ ಅದನ್ನು ನಡೆಸುತ್ತಿದ್ದರು. ಮನೆಯ ಹಿಂದೆಯೇ ತಗಡು ಹೊದಿಸಿದ ಗೋಡೌನು. ಅದರೊಳಗೆ ಬಿದಿರ ಗಳ, ಸರ್ವೆ ಕಂಬ, ತೆಂಗಿನ ನಾರಿನ ಹಗ್ಗ, ಮಡಿಸಿಟ್ಟ ಬಣ್ಣದ ಬಟ್ಟೆಗಳು. ಅಲ್ಲಿಗೆ ಯಾರೂ ಚಪ್ಪಲಿ ಮೆಟ್ಟಿ ಹೋಗುವಂತಿರಲಿಲ್ಲ. ಗಳಗಳ ಮೇಲೆ ಕಾಲಿಡುವಂತೆಯೂ ಇರಲಿಲ್ಲ. ಎಷ್ಟೋ ಮನೆಗಳ ಮದುವೆ ಚಪ್ಪರಕ್ಕೆ ನಿಂತು ಅರಿಶಿನ ಕುಂಕುಮ ಹಚ್ಚಿಸಿಕೊಂಡ ಗಳಗಳು ಅವು, ತುಳಿದವರ ಮನೆಯಲ್ಲಿ ಮದುವೆ ನಿಲ್ಲುತ್ತದೆ ಎಂಬುದು ನನ್ನ ಅತ್ತೆಯ ನಂಬಿಕೆ. ಆಳುಗಳು ಕೂಡ ಅವರ ಕಣ್ಣೆದುರಿಗೆ ಗಳ ದಾಟದೆ ಸುತ್ತಿಕೊಂಡು ಹೋಗುತ್ತಿದ್ದರು.

ನನಗೆ ಮದುವೆಯಾಗಿ ವರ್ಷಗಳಾಗಿದ್ದರೂ ಮಕ್ಕಳಾಗಿರಲಿಲ್ಲ. ಆ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದರಲ್ಲಿ ಅದಕ್ಕೂ ಪಾಲಿದೆ.

ರತ್ನಳ ನಿಶ್ಚಿತಾರ್ಥ ಜ್ಯೇಷ್ಠದಲ್ಲಿ ಆಯಿತು. ಹುಡುಗ ಕೃಷ್ಣರಾಜಪುರದವನು, ಕಾರ್ಖಾನೆಯೊಂದರಲ್ಲಿ ಕೆಲಸ. ಸಂಬಂಧ ತಂದವರು ನಮ್ಮ ಬೀದಿಯ ಗೌರಮ್ಮ, ಹುಡುಗನಿಗೆ ಚಿಕ್ಕಮ್ಮ. ಆಷಾಢ ಕಳೆದು ಶ್ರಾವಣದಲ್ಲಿ ಮದುವೆ ಎಂದು ಗೊತ್ತಾಯಿತು. ಆಷಾಢದಲ್ಲಿ ಯಾರೂ ಚಪ್ಪರ ಹಾಕಿಸುವುದಿಲ್ಲವಾದ್ದರಿಂದ ನಮ್ಮ ಅಂಗಡಿಗೆ ಅದು ಬಿಡುವಿನ ತಿಂಗಳು. ಗಳಗಳನ್ನೆಲ್ಲ ಒಳಗೆ ಪೇರಿಸಿ, ಸೀಳು ಬಿಟ್ಟವನ್ನು ಬೇರೆ ಮಾಡುತ್ತಿದ್ದೆವು. ಆ ವರ್ಷ ಗಾಳಿ ಜೋರಾಗಿತ್ತು. ಜಡಿಮಳೆ ಹಿಡಿದರೆ ಬಿಡುತ್ತಿರಲಿಲ್ಲ, ತಗಡಿನ ಮೇಲೆ ಬಿದ್ದು ಮನೆಯೊಳಗಿನ ಮಾತೂ ಕೇಳಿಸದ ಹಾಗೆ ಮಾಡುತ್ತಿತ್ತು.

ಅಂಥ ಒಂದು ಮಧ್ಯಾಹ್ನ ಗೋಡೌನಿನ ಮಾಡು ಸೋರತೊಡಗಿತು. ಗಂಡ ಊಟಕ್ಕೆ ಕುಳಿತಿದ್ದರು. ಬಟ್ಟೆಗಳು ನೆನೆಯುತ್ತವೆ ಎಂದು ರತ್ನ ತಾನೇ ಓಡಿದಳು. ಮೇಲಿದ್ದ ತಾರ್ಪಾಲನ್ನು ಎಳೆಯಲು ಗಳಗಳ ರಾಶಿಯ ಮೇಲೆ ಹತ್ತಿದಳು. ಬರಿಗಾಲು, ಒದ್ದೆ ಬಿದಿರು. ಜಾರಿ ಕುಳಿತ ಹಾಗೆಯೇ ಕೆಳಗಿಳಿದಳು. ನಾನು ಹೋಗುವಷ್ಟರಲ್ಲಿ ಎದ್ದು ನಿಂತು ಲಂಗದ ಹಿಂಭಾಗ ಹಿಡಿದುಕೊಂಡಿದ್ದಳು. ಎಡಗಾಲಿನ ತೊಡೆಯ ಹಿಂದೆ, ಮಂಡಿಗಿಂತ ಸ್ವಲ್ಪ ಮೇಲೆ, ಸೀಳಿದ ಬಿದಿರು ಹೊಕ್ಕಿತ್ತು. ಬಟ್ಟೆ ಸಮೇತ ಅವಳೇ ಕಿತ್ತಳು. ಬಂದ ತುಂಡು ನನ್ನ ಬೆರಳಿನಷ್ಟು ಉದ್ದವಿತ್ತು. ತುದಿ ಸೂಜಿಯ ಹಾಗೆ ಮೊನಚಾಗಿತ್ತು.

ಅತ್ತೆ ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. "ಮೊನೆ ಮುರಿದಿಲ್ಲ. ಪೂರ್ತಿ ಬಂದಿದೆ," ಎಂದರು. ನಾವೆಲ್ಲ ಒಪ್ಪಿದೆವು. ದಿನವೂ ಬಿದಿರಿನ ಜೊತೆ ಬಾಳುವವರು ನಾವು. ಬಿದಿರು ಅಡ್ಡಕ್ಕೆ ಮುರಿಯುವುದಕ್ಕಿಂತ ಉದ್ದಕ್ಕೆ ಸೀಳುತ್ತದೆ ಎಂಬುದು ನಮಗೆ ಗೊತ್ತಿಲ್ಲದ್ದಲ್ಲ. ಒಂದು ಸೀಳು ಮೊನೆ ಸಮೇತ ಹೊರಗೆ ಬಂದರೂ ಅದರ ಪಕ್ಕದ್ದು ಒಳಗೇ ಉಳಿಯಬಹುದು ಎಂದು ಆ ಹೊತ್ತಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಅತ್ತೆಯ ತಲೆಯಲ್ಲಿ ಬೇರೆಯೇ ಭಯವಿತ್ತು. ಬಾಗಿಲು ಮುಂದೆ ಮಾಡಿ ನನಗೂ ರತ್ನಳಿಗೂ ಹೇಳಿದರು: "ಮದುಮಗಳು ಆಷಾಢದಲ್ಲಿ ಚಪ್ಪರದ ಗಳ ತುಳಿದ್ಲು, ಅದು ಚುಚ್ತು ಅಂತ ಆ ಗೌರಮ್ಮನ ಕಿವಿಗೆ ಬೀಳಬಾರದು. ಯಾರಾದ್ರೂ ಕೇಳಿದ್ರೆ ಚಪ್ಪಲಿ ಕಚ್ಚಿದೆ ಅನ್ನಿ."

"ತೊಡೆಗೆ ಯಾವ ಚಪ್ಪಲಿ ಕಚ್ಚುತ್ತಮ್ಮಾ?" ಎಂದಳು ರತ್ನ, ಕಣ್ಣಲ್ಲಿ ನೀರಿಟ್ಟುಕೊಂಡೇ ನಗುತ್ತಾ.

"ತೊಡೆ ಅಂತ ಯಾರಿಗೆ ಹೇಳ್ತೀಯೇ? ಕಾಲು ಅನ್ನು."

ಬಜಾರಿನ ಹಳೆಯ ಡಾಕ್ಟರು ಗಾಯ ತೊಳೆದು ಹೊಲಿಗೆ ಹಾಕಿದರು, ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟರು, ಎಕ್ಸ್‌ರೇ ತೆಗೆಸಿ ಎಂದರು. ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿ, ಕ್ಲಿಯರ್ ಇದೆ ಎಂದರು. ಮರ, ಬಿದಿರು, ಮುಳ್ಳು ಇಂಥವು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ ಎಂದು ನಾನು ಕೇಳಿದ್ದು ಆಮೇಲೆ. ಅವರಿಗೆ ಅದು ತಿಳಿದಿರಲಿಲ್ಲವೋ, ತುಂಡು ಪೂರ್ತಿ ಬಂತು ಎಂದು ನಾವು ಅಷ್ಟು ಗಟ್ಟಿಯಾಗಿ ಹೇಳಿದ್ದನ್ನು ನಂಬಿದರೋ, ನಾನು ಹೇಳಲಾರೆ.

ಗಾಯ ಮಾಯಿತು. ಹೊಲಿಗೆ ತೆಗೆದ ಮೇಲೆ ಸಣ್ಣ ಗೆರೆ ಉಳಿಯಿತು. ಆಮೇಲೆ ಅದರ ಕೆಳಗೆ ಒಂದು ಗಂಟು ಎದ್ದಿತು. ಗಂಟು ಬಿಸಿಯಾಗಿ, ಕೆಂಪಾಗಿ, ಒಡೆದು ಸ್ವಲ್ಪ ಕೀವು ಸೋರಿ, ಮತ್ತೆ ಮುಚ್ಚಿಕೊಂಡಿತು. ಎಲ್ಲ ಸರಿಹೋಯಿತು ಎನ್ನುವಾಗ ಮತ್ತೆ ಗಂಟು. ಅತ್ತೆ ರಾಗಿಹಿಟ್ಟಿನ ಬಿಸಿ ಪಟ್ಟು ಕಟ್ಟಿದರು. ಕಾಲು ಮಡಿಸಲು ಕಷ್ಟವಾಗತೊಡಗಿದಾಗ ನರ ಹಿಡಿದುಕೊಂಡಿದೆ ಎಂದು ದಿನಾ ಸಂಜೆ ಹರಳೆಣ್ಣೆ ಹಚ್ಚಿ, ಮಂಡಿಯಿಂದ ಮೇಲಕ್ಕೆ ಹೆಬ್ಬೆರಳೊತ್ತಿ ನೀವುತ್ತಿದ್ದರು. ರತ್ನ ದಿಂಬು ಕಚ್ಚಿ ಮಲಗಿರುತ್ತಿದ್ದಳು. ಹೊರಗೆ ಗಾಳಿ. ಮನೆಯಲ್ಲಿ ಹರಳೆಣ್ಣೆ, ಹಸಿ ಬಿದಿರು ಮತ್ತು ಕೀವು ಸೇರಿದ ಒಂದು ವಾಸನೆ ನಿಂತುಬಿಟ್ಟಿತ್ತು. ಊದಿನಕಡ್ಡಿ ಹಚ್ಚಿದರೂ ಅದು ಹೋಗುತ್ತಿರಲಿಲ್ಲ.

ಇದೆಲ್ಲದರ ನಡುವೆಯೇ ಮದುವೆಯ ಕೆಲಸ. ಕಮರ್ಷಿಯಲ್ ಸ್ಟ್ರೀಟಿಗೆ ಸೀರೆ ತರಲು ಹೋದಾಗ ಅಂಗಡಿಯವರು ಹಾಸಿದ ಬಿಳಿ ಹಾಸಿನ ಮೇಲೆ ರತ್ನಳಿಗೆ ಕೂರಲಾಗಲಿಲ್ಲ. ಸ್ಟೂಲು ತರಿಸಿ ಕೂರಿಸಿದೆವು. ಜೊತೆಗೆ ಬಂದಿದ್ದ ಗೌರಮ್ಮ ಸೀರೆಯ ಸೆರಗು ನೋಡುತ್ತಲೇ ಕೇಳಿದರು:

"ಏನಮ್ಮಾ ಮದುಮಗಳೇ, ಕುಂಟ್ತಾ ಇದ್ದೀಯಾ?"

"ಚಪ್ಪಲಿ ಕಚ್ಚಿದೆ ಚಿಕ್ಕಮ್ಮಾ."

"ಅಬ್ಬಾ, ನಮ್ಮ ಹಲಸೂರಿನ ಚಪ್ಪಲಿಗೆ ಹಲ್ಲು ಜೋರು. ಹೋದ ವಾರಾನೂ ನೀನು ಅದೇ ಅಂದಿದ್ದೆ."

ಎಲ್ಲರೂ ನಕ್ಕರು. ಅತ್ತೆ ಎಲ್ಲರಿಗಿಂತ ಜೋರಾಗಿ ನಕ್ಕರು.

ಜ್ವರ ಬಂದ ದಿನ ಬಜಾರಿನ ಡಾಕ್ಟರು ಗಂಟನ್ನು ಕೊಯ್ದು, ಒಳಗೆ ಇಕ್ಕಳ ಆಡಿಸಿ ನೋಡಿದರು. ಏನೂ ಸಿಗಲಿಲ್ಲ. ಕೈ ತೊಳೆಯುತ್ತಾ, "ಕುರುಡಾಗಿ ಇನ್ನೂ ಆಳಕ್ಕೆ ಹೋಗೋಕೆ ನಂಗೆ ಧೈರ್ಯ ಇಲ್ಲ. ಸ್ಕ್ಯಾನಿಂಗ್ ಮಾಡಿಸ್ಕೊಂಡು ಬನ್ನಿ," ಎಂದರು.

ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು.

ಆಗ ನಮ್ಮ ಕಡೆ ಸ್ಕ್ಯಾನಿಂಗ್ ಎಂದರೆ ಬಸುರಿಯರು ಮಾಡಿಸಿಕೊಳ್ಳುವುದು, ಅಷ್ಟೇ. ಸ್ಕ್ಯಾನಿಂಗ್ ಸೆಂಟರು ಮುಖ್ಯರಸ್ತೆಯಲ್ಲಿ, ಹೂವಿನ ಅಂಗಡಿಗಳ ಮೇಲಿನ ಮಹಡಿಯಲ್ಲಿತ್ತು. ಬಾಗಿಲಲ್ಲೇ, ಇಲ್ಲಿ ಗಂಡೋ ಹೆಣ್ಣೋ ತಿಳಿಸುವುದಿಲ್ಲ ಎಂಬ ದೊಡ್ಡ ಬೋರ್ಡು. ಆ ಮೆಟ್ಟಿಲು ಹತ್ತಿದವರನ್ನು ಕೆಳಗೆ ಹೂ ಕಟ್ಟುವವರು ತಲೆಯೆತ್ತಿ ನೋಡುತ್ತಿದ್ದರು. ಹೊಸದಾಗಿ ಮದುವೆಯಾದವಳಾದರೆ ಒಂದು ಮೊಳ ಹೂ ಸುಮ್ಮನೆ ಕೊಡುವವರೂ ಇದ್ದರು. ಗೌರಮ್ಮ ದಿನಾ ಬೆಳಿಗ್ಗೆ ಹೂ ಕೊಳ್ಳುತ್ತಿದ್ದದ್ದು ಅಲ್ಲೇ.

"ಮದುವೆಯಾಗದ ಹುಡುಗೀನ ಅಲ್ಲಿಗೆ ಹತ್ತಿಸ್ಲಾ? ಅದಕ್ಕಿಂತ ನಾನೇ ಇವಳ ಕುತ್ತಿಗೆ ಹಿಸುಕ್ತೀನಿ," ಎಂದರು ಅತ್ತೆ, ಮನೆಗೆ ಬಂದು.

"ಬೇರೆ ಕಡೆ ಹೋಗೋಣ. ಶಿವಾಜಿನಗರ, ಮಾರತ್ತಹಳ್ಳಿ," ಎಂದರು ನನ್ನ ಗಂಡ.

"ಎಲ್ಲಿ ಹೋದ್ರೂ ಆ ಬೋರ್ಡೇ. ಅವರ ಕಡೆಯವರು ಎಲ್ಲಿಲ್ಲ ಹೇಳು? ಮದುವೆ ಆಗ್ಲಿ. ಆಮೇಲೆ ಗಂಡನ ಜೊತೆ ಹೋಗ್ತಾಳೆ."

ಗಂಡ ಎದ್ದು ಅಂಗಡಿಗೆ ಹೋದರು. ಆ ರಾತ್ರಿ ರತ್ನಳಿಗೆ ಚಳಿಜ್ವರ ಏರಿತು. ಬೆಳಿಗ್ಗೆ ಅವಳ ಕಾಲು ಮುಟ್ಟಿ ನೋಡಿದೆ. ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ದಪ್ಪಗಿತ್ತು. ಅತ್ತೆಯೂ ಮುಟ್ಟಿ ನೋಡಿದರು. ನನ್ನ ಕಡೆ ತಿರುಗಿ, ಹಿಂದೆಂದೂ ನನ್ನೊಡನೆ ಆಡದ ಮೆತ್ತಗಿನ ಸ್ವರದಲ್ಲಿ ಹೇಳಿದರು: "ಸರೋಜಾ, ನೀನು ಹೋಗು. ನಿನ್ನ ಹೆಸರಲ್ಲಿ. ಇವಳು ನಿನ್ನ ಜೊತೆಗೆ ಬಂದ ಹಾಗೆ ಬರ್ಲಿ. ಒಳಗೆ ಹೋದ್ಮೇಲೆ ಇವಳು ಮಲಗ್ಲಿ."

ರತ್ನ ಗೋಡೆಯ ಕಡೆ ತಿರುಗಿಕೊಂಡಳು. "ಬೇಡ ಅತ್ತಿಗೆ. ನಿಮ್ಮನ್ನ ಆಡ್ಕೋತಾರೆ," ಎಂದಳು.

ನಾನು ಸೀರೆ ಬದಲಾಯಿಸಿದೆ.

ಮೆಟ್ಟಿಲು ಹತ್ತುವಾಗ ರತ್ನ ನನ್ನ ತೋಳು ಹಿಡಿದಿದ್ದಳು. ನೋಡುವವರಿಗೆ ಅವಳು ನನ್ನನ್ನು ಜೋಪಾನವಾಗಿ ಹತ್ತಿಸುತ್ತಿರುವ ಹಾಗೆ ಕಾಣಿಸಬೇಕು, ಅಷ್ಟು ನಿಧಾನಕ್ಕೆ ಹತ್ತಿದೆವು. ಅವಳ ಭಾರವೆಲ್ಲ ನನ್ನ ಮೇಲಿತ್ತು. ಅತ್ತೆ ಕೆಳಗೆ ಹೂವಿನ ಅಂಗಡಿಯ ಮುಂದೆಯೇ ನಿಂತರು. ಮೇಲೆ ಬೆಂಚುಗಳ ತುಂಬ ಹೊಟ್ಟೆ ಹೊತ್ತ ಹೆಂಗಸರು. ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರ ಸೊಸೆಯೂ ಇದ್ದಳು. ನನ್ನನ್ನು ನೋಡಿ ಕಣ್ಣರಳಿಸಿ, "ಸರೋಜಕ್ಕಾ! ಕೊನೆಗೂ!" ಎಂದು ಜಾಗ ಬಿಟ್ಟುಕೊಟ್ಟಳು. ನಾನು ಕುಳಿತೆ. ಕುಳಿತುಕೊಳ್ಳಬೇಕಾದವಳು ಗೋಡೆಗೆ ಒರಗಿ ನಿಂತಳು.

ಸ್ಕ್ಯಾನಿಂಗ್ ಮಾಡುವ ಡಾಕ್ಟರು ಸುಮಾರು ನನ್ನ ವಯಸ್ಸಿನವರು, ಕನ್ನಡಕದ ಹೆಂಗಸು. ಚೀಟಿ ನೋಡಿದರು, ಮಂಚದ ಮೇಲೆ ಬೋರಲಾಗಿ ಮಲಗಿದ್ದ ರತ್ನಳನ್ನು ನೋಡಿದರು.

"ಸರೋಜಾ ಯಾರು?"

"ನಾನು," ಎಂದೆ.

"ಮತ್ತೆ ಇವರು?"

"ನಮ್ಮ ನಾದಿನಿ. ಕಾಲು ಇವಳದು. ಮದುವೆ ಗೊತ್ತಾಗಿದೆ ಡಾಕ್ಟ್ರೇ, ಅದಕ್ಕೆ..."

ಅವರು ಪ್ರೋಬನ್ನು ವಾಪಸ್ಸು ಅದರ ಜಾಗದಲ್ಲಿಟ್ಟರು. "ನಿಮ್ಮ ಹೆಸರಲ್ಲಿ ಅವರ ಕಾಲು ನೋಡಕ್ಕಾಗಲ್ಲ ಕಣ್ರೀ. ನಾಳೆ ಇದನ್ನ ಓದಿ ಯಾರನ್ನ ಕೊಯ್ಯಬೇಕು ಅವರು?" ಎಂದರು. ಕೋಪವಿರಲಿಲ್ಲ, ಆದರೆ ಹೆಸರು ಹೇಳುವ ತನಕ ಕೈ ಮುಂದಕ್ಕೆ ಬರಲಿಲ್ಲ. ಹೇಳಿದೆ. ನನ್ನ ಹೆಸರು ಹೊಡೆದು ಹಾಕಿ ಅವಳದನ್ನು ಬರೆದುಕೊಂಡು ದೀಪ ಆರಿಸಿದರು.

ಮಂಡಿಯ ಹಿಂದಿನಿಂದ ಶುರು ಮಾಡಿ ಮೇಲಕ್ಕೆ ಬಂದರು. ಪರದೆಯ ಮೇಲೆ ಬೂದು ಬಣ್ಣದ ಎಳೆಗಳು, ಮಳೆಯಲ್ಲಿ ನೆಂದ ಗೋಣಿತಾಟಿನ ಹಾಗೆ. ಗಾಯದ ಗೆರೆಯಿಂದ ಮೇಲೆ, ಬಹಳ ಆಳದಲ್ಲಿ, ಬಜಾರಿನ ಡಾಕ್ಟರು ಕೊಯ್ದ ಜಾಗದಲ್ಲಲ್ಲ, ಅವರ ಕೈ ನಿಂತಿತು. ಅಲ್ಲಿ ಬೆಳ್ಳಗೆ ಒಂದು ಗೀಟು. ಗೀಟಿನ ಸುತ್ತ ಕಪ್ಪು ಅಂಚು. ಅದರಿಂದ ಕೆಳಕ್ಕೆ ಉದ್ದನೆಯ ನೆರಳು, ಬಿಸಿಲಿಗೆ ಅಡ್ಡ ಹಿಡಿದ ಕಡ್ಡಿಯ ನೆರಳಿನ ಹಾಗೆ. ಡಾಕ್ಟರು ಪ್ರೋಬ್ ತಿರುಗಿಸಿದರು. ಗೀಟು ಚುಕ್ಕೆಯಾಯಿತು. ಮತ್ತೆ ತಿರುಗಿಸಿದರು, ಮತ್ತೆ ಗೀಟು. ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು:

"ಏನು ಚುಚ್ಚಿದ್ದು?"

"ಬಿದಿರು."

"ಇಲ್ಲೇ ಇದೆ. ಸುತ್ತ ಕಪ್ಪಗಿರೋದು ಕೀವು." ಆಮೇಲೆ ಒಂದು ಗುಂಡಿ ಒತ್ತಿದರು. ಗೀಟಿನ ಪಕ್ಕದಲ್ಲೇ ಪರದೆ ಕೆಂಪಾಗಿ ಹೊಳೆಯಿತು, ಆರಿತು, ಮತ್ತೆ ಹೊಳೆಯಿತು. ಇನ್ನೊಂದು ಗುಂಡಿ ಒತ್ತಿದಾಗ ಮೆಷಿನ್ನಿನಿಂದ ಹುಶ್, ಹುಶ್ ಎಂದು ಸದ್ದು ಬರತೊಡಗಿತು. ಕೋಣೆಯ ತುಂಬ ಅದೇ ಸದ್ದು.

"ಇದು ಕಾಲಿಗೆ ರಕ್ತ ಒಯ್ಯೋ ದೊಡ್ಡ ನಾಳ. ನೋಡಿ, ಬಡಿದಾಗೆಲ್ಲ ಉಬ್ಬಿ ಇದರ ಮೊನೆ ಹತ್ರ ಬರ್ತಿದೆ. ಮಧ್ಯೆ ಒಂದು ಅಕ್ಕಿಕಾಳು ಹಿಡಿಯೋಷ್ಟು ಜಾಗ." ಅವರು ಸದ್ದು ನಿಲ್ಲಿಸಿದರು. "ಇಷ್ಟು ಆಳಕ್ಕೆ ಹೇಗೆ ಹೋಯ್ತು? ಯಾರಾದ್ರೂ ಉಜ್ಜಿದ್ರಾ?"

"ಅಮ್ಮ ದಿನಾ ಸಂಜೆ ನೀವ್ತಾರೆ," ಎಂದಳು ರತ್ನ, ದಿಂಬಿನೊಳಗಿಂದ.

ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇನ್ಮೇಲೆ ಯಾರೂ ಮುಟ್ಟಬೇಡಿ. ಕಾಲು ಊರಬಾರದು, ಮಡಿಸಬಾರದು. ಇವತ್ತೇ ತೆಗೀಬೇಕು. ಪಕ್ಕದ ರಸ್ತೆ ನರ್ಸಿಂಗ್ ಹೋಮಲ್ಲಿ ಸರ್ಜನ್ ಇದ್ದಾರೆ, ಫೋನ್ ಮಾಡ್ತೀನಿ. ಮೆಟ್ಟಿಲು ಇಳಿಯೋ ಹಾಗಿಲ್ಲ."

"ಹಾಗಾದ್ರೆ ಇಲ್ಲೇ ಮನೆ ಮಾಡ್ಲಾ ಡಾಕ್ಟ್ರೇ?" ಎಂದಳು ರತ್ನ. ನಗಲು ಹೋಗಿ ಅವಳ ಬೆನ್ನು ನಡುಗಿತು.

ನಾನು ಬಾಗಿಲು ತೆರೆದಾಗ ಇಸ್ತ್ರಿ ಅಂಗಡಿಯ ಸೊಸೆ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ಎಲ್ಲಾ ಕೇಳಿಸ್ತು ಸರೋಜಕ್ಕಾ. ಮಗೂದು ಎದೆಬಡಿತ ಎಷ್ಟು ಜೋರಾಗಿದೆ!" ಎಂದಳು. ಬೆಂಚಿನ ಹೆಂಗಸರೆಲ್ಲ ನನ್ನ ಕಡೆ ನೋಡಿ ನಗುತ್ತಿದ್ದರು. ಆಗಲೇ ನರ್ಸಿಂಗ್ ಹೋಮಿನ ಇಬ್ಬರು ವಾರ್ಡ್‌ಬಾಯ್‌ಗಳು ಕುರ್ಚಿ ಹಿಡಿದುಕೊಂಡು ಬಂದರು. ರತ್ನಳನ್ನು ಕೂರಿಸಿ, ಕಾಲು ನೀಡಿಸಿ, ಬೆಡ್‌ಶೀಟು ಹೊದಿಸಿ, ಎತ್ತಿಕೊಂಡು ಹೊರಟರು. ನಗುತ್ತಿದ್ದವರು ದಾರಿ ಬಿಟ್ಟರು.

ಕೆಳಗಿನ ಮೆಟ್ಟಿಲಲ್ಲಿ ಗೌರಮ್ಮ ನಿಂತಿದ್ದರು. ನಾನು ಹತ್ತಿದ ಸುದ್ದಿ ಹೂವಿನವರಿಂದ ಅವರಿಗೆ ಮುಟ್ಟಿತ್ತು. ಕೈಯಲ್ಲಿ ನನಗೆಂದೇ ಮಲ್ಲಿಗೆ ಹಿಡಿದು, ಅತ್ತೆಯ ಜೊತೆ ಏನೋ ಹರಟುತ್ತಿದ್ದರು. ಅತ್ತೆ ತಲೆಯಾಡಿಸುತ್ತಿದ್ದರು. ಕುರ್ಚಿ ಇಳಿದು ಬಂತು. ಗೌರಮ್ಮ ಮೊದಲು ಕುರ್ಚಿ ನೋಡಿದರು, ಆಮೇಲೆ ಅದರ ಹಿಂದೆ ನಡೆದು ಬರುತ್ತಿದ್ದ ನನ್ನನ್ನು.

"ಬಸುರಿ ಇವಳು ಅಂದ್ರಿ," ಎಂದರು ಅತ್ತೆಯ ಕಡೆ ತಿರುಗಿ.

"ರತ್ನನ ಕಾಲಿಗೆ ಬಿದಿರು ಚುಚ್ಚಿದೆ ಗೌರಮ್ಮಾ, ಒಳಗೇ ಇದೆ, ನೆತ್ತರಿನ ನಾಳದ ಪಕ್ಕ," ಎಂದೆ ನಾನು.

"ಚಪ್ಪಲಿ ಕಚ್ಚಿದೆ ಅಂದ್ರಲ್ಲ?"

ಕುರ್ಚಿ ಹೊತ್ತವರು ನಿಲ್ಲಲಿಲ್ಲ. ನಾವು ಅವರ ಹಿಂದೆ ಓಡಿದೆವು.

ನರ್ಸಿಂಗ್ ಹೋಮಿನಲ್ಲಿ ಒಂದು ಸಣ್ಣ ಮೆಷಿನ್ನಿತ್ತು. ಆ ಡಾಕ್ಟರೇ ತಮ್ಮ ಪೇಷೆಂಟುಗಳನ್ನು ಬಿಟ್ಟು ಅಲ್ಲಿಗೆ ಬಂದರು. ರತ್ನಳಿಗೆ ಸೊಂಟದ ಕೆಳಗೆ ಮರಗಟ್ಟಿಸಿದರು. ಎಚ್ಚರವಾಗಿದ್ದಳು, ನನ್ನ ಕೈ ಬಿಡಲಿಲ್ಲ. ಕೊನೆಗೆ ಸಿಸ್ಟರು ನನಗೂ ಗೌನು, ಟೋಪಿ ಹಾಕಿಸಿ ಅವಳ ತಲೆಯ ಬಳಿ ನಿಲ್ಲಿಸಿದರು. ಏನನ್ನೂ ಮುಟ್ಟಬೇಡಿ ಎಂದರು. ಹೀಗಾಗಿ ನಾನು ಎಲ್ಲವನ್ನೂ ಕಂಡೆ.

ಪ್ರೋಬಿಗೆ ಸರ್ಜನರ ರಬ್ಬರ್ ಗ್ಲೌಸನ್ನು ತೊಡಿಸಿದ್ದರು. ಅದರ ಖಾಲಿ ಬೆರಳುಗಳು ಪಕ್ಕದಲ್ಲಿ ಜೋತಾಡುತ್ತಿದ್ದವು. ಡಾಕ್ಟರು ಅದನ್ನು ಕಾಲಿನ ಮೇಲೆ ಅಲುಗದಂತೆ ಹಿಡಿದಿದ್ದರು. ಸರ್ಜನ್ ವಯಸ್ಸಾದವರು, ಫ್ರೇಜರ್ ಟೌನಿನವರು. ಚರ್ಮ ಕೊಯ್ದು ಇಕ್ಕಳ ಇಳಿಸಿದ ಮೇಲೆ ಅವರು ಕಾಲನ್ನು ನೋಡಲೇ ಇಲ್ಲ, ಪರದೆಯನ್ನೇ ನೋಡುತ್ತಿದ್ದರು. ಪರದೆಯ ಮೇಲೆ ಇಕ್ಕಳವೂ ಒಂದು ಬಿಳಿ ಗೀಟು. ಒಂದು ಗೀಟು ಸುಮ್ಮನೆ ಬಿದ್ದಿತ್ತು, ಇನ್ನೊಂದು ಅದರತ್ತ ತೆವಳುತ್ತಿತ್ತು. ಪಕ್ಕದಲ್ಲಿ ನಾಳ ಬಡಿಯುತ್ತಲೇ ಇತ್ತು.

"ಸ್ವಲ್ಪ ಮೇಲೆ ಸರ್... ಸ್ಟಾಪ್. ನಾಳ ನಿಮ್ಮ ಇಕ್ಕಳದ ಕೆಳಗೇ ಇದೆ," ಎಂದರು ಡಾಕ್ಟರು.

"ದಿಖ್ ರಹಾ, ಕಾಣ್ತಿದೆ. ಅಲ್ಲಾಡ್ಬೇಡಮ್ಮಾ ಬೇಟಿ."

"ನಾನಲ್ಲ, ಸರ್, ಅತ್ತಿಗೆ ಕೈ ನಡುಗ್ತಿದೆ," ಎಂದಳು ರತ್ನ.

ಇಕ್ಕಳ ಬಾಯಿ ತೆರೆಯಿತು. ಪರದೆಯಲ್ಲಿ ಒಂದು ಗೀಟು ಎರಡಾಗಿ ಕವಲೊಡೆದದ್ದು ಕಂಡಿತು. ಕವಲು ಮುಚ್ಚಿತು. ಸರ್ಜನ್ ಎಳೆಯಲಿಲ್ಲ. ಬಿದಿರು ಯಾವ ದಿಕ್ಕಿಗೆ ಮಲಗಿದೆಯೋ ಅದೇ ದಿಕ್ಕಿಗೆ ಕೈ ವಾಲಿಸಿ, ಜಾರಿಸಿಕೊಂಡು ತಂದರು. ಕಪ್ಪಗೆ, ನೆನೆದು ಮೆತ್ತಗಾದ ತುಂಡು, ಬೆಂಕಿಕಡ್ಡಿಯಷ್ಟು. ಅದರ ಹಿಂದೆಯೇ ಕೀವು, ಆಮೇಲೆ ನೆತ್ತರು. ನೆತ್ತರು ಕಂಡಾಗ ಸರ್ಜನ್ ಬೆರಳೊತ್ತಿ ಹಿಡಿದರು. ಅವರು ಬೆರಳು ಸಡಿಲಿಸಿದಾಗ ಅದು ಮತ್ತೆ ಉಕ್ಕಲಿಲ್ಲ.

"ಕ್ಲೋಸ್ ಮಾಡ್ಬೇಡಿ ಸರ್. ಇನ್ನೊಂದಿದೆ," ಎಂದರು ಡಾಕ್ಟರು.

ಮೊದಲನೆಯದರ ನೆರಳಿನಲ್ಲಿ ಅಡಗಿತ್ತು ಅದು. ಇನ್ನೂ ಸಣ್ಣದು, ನಾಳಕ್ಕೆ ಇನ್ನೂ ಹತ್ತಿರ. ಅದನ್ನು ತೆಗೆಯುವಾಗ ನಾನು ಪರದೆ ನೋಡಲಿಲ್ಲ. ರತ್ನಳ ಕೆನ್ನೆ ನೋಡಿಕೊಂಡು ನಿಂತಿದ್ದೆ. ಮದುವೆಗೆ ಮುಹೂರ್ತ ಯಾವುದು, ಸೀರೆಗೆ ಅಂಚು ಯಾವುದು ಎಂದು ನಾವು ಮಾತಾಡುತ್ತಾ ಕುಳಿತಿದ್ದಾಗಲೆಲ್ಲ ಇದು ಇವಳೊಳಗೆ ಹೀಗೇ ಇತ್ತಲ್ಲ ಎನ್ನುವುದನ್ನು ಬಿಟ್ಟು ಬೇರೇನೂ ತೋಚಲಿಲ್ಲ.

ಅವಳು ಆಸ್ಪತ್ರೆಯಿಂದ ಬಂದ ವಾರದಲ್ಲೇ ಹುಡುಗನ ತಾಯಿ ಗೌರಮ್ಮನ ಜೊತೆ ಬಂದರು. ಹುಡುಗ ಬರಲಿಲ್ಲ. ಅತ್ತೆ ಇಂಜೆಕ್ಷನ್ ಬಾಟಲಿಯಲ್ಲಿ ಹಾಕಿಟ್ಟಿದ್ದ ಎರಡು ತುಂಡುಗಳನ್ನು ತಂದು ತೋರಿಸಿದರು. ಗೌರಮ್ಮ ಬಾಟಲಿಯನ್ನು ಕೈಗೂ ತೆಗೆದುಕೊಳ್ಳಲಿಲ್ಲ.

"ಬಿದಿರಿಗೇನು, ನಿಮ್ಮ ಗೋಡೌನ್ ತುಂಬ ಅದೇ ಇದೆ. ಕಾಲಿಗೆ ಚುಚ್ಚಿದ್ದಾದ್ರೆ ಕಾಲು ಅಂತ ಹೇಳೋದು ತಾನೇ? ಸೊಸೆ ಹೆಸರು ಯಾಕೆ ಬರೆಸಿದ್ರಿ? ಮಗುವಿನ ಸದ್ದು ಕೇಳಿಸ್ತಂತೆ. ಸರೋಜಾ ಬಸುರಿಯಲ್ಲ ಅಂತೀರ. ಹಾಗಾದ್ರೆ ಆ ಸದ್ದು ಯಾರದು?"

"ನಾಳದ್ದು ಗೌರಮ್ಮಾ. ನಾನೇ ನೋಡಿದೆ," ಎಂದೆ.

ಹುಡುಗನ ತಾಯಿ ಒಳ್ಳೆಯ ಹೆಂಗಸು, ಮೃದು ಮಾತು. "ನಂಗೇನೂ ಅನುಮಾನ ಇಲ್ಲಮ್ಮಾ," ಎಂದರು. "ಜನರ ಬಾಯಿ ಮುಚ್ಚಬೇಕಲ್ಲ. ನಮ್ಮ ಕಡೆಯವರ ಎದುರಿಗೆ ಒಂದ್ಸಲ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿಬಿಡೋಣ. ಆಮೇಲೆ ಮದುವೆಗೇನೂ ತೊಂದ್ರೆ ಇಲ್ಲ."

ಒಳಗಿನ ಕೋಣೆಯಲ್ಲಿ ಮಂಚ ಕಿರುಗುಟ್ಟಿತು. ರತ್ನ ಕೋಲು ಹಿಡಿದು ಬಾಗಿಲಿಗೆ ಬಂದು ನಿಂತಳು. ಅಮ್ಮನನ್ನು ನೋಡಿದಳು. ಅತ್ತೆ ಒಪ್ಪಿಬಿಡುತ್ತಾರೆ ಎಂದೇ ನಾನು ತಿಳಿದಿದ್ದೆ. ಆ ಮದುವೆಗಾಗಿ ಅವರು ಅಲ್ಲಿಯವರೆಗೆ ಏನೇನು ಮಾಡಿದ್ದರೆಂಬುದನ್ನು ನೋಡಿದವಳು ನಾನು.

"ಮಾಡ್ಸೋಣ," ಎಂದರು ಅತ್ತೆ. "ನಿಮ್ಮ ಮಗನ್ನೂ ಕರ್ಕೊಂಡ್ಬನ್ನಿ. ಪಕ್ಕದಲ್ಲೇ ಮಲಗಿಸಿ ಅವನ ಹೊಟ್ಟೇಲೇನಿದೆ ಅಂತಾನೂ ನೋಡ್ಬಿಡೋಣ."

ಗೌರಮ್ಮ ಧಡಾರನೆ ಎದ್ದರು. ಅಲ್ಲಿಗೆ ಆ ಸಂಬಂಧ ಮುಗಿಯಿತು. ಬೀದಿಯಲ್ಲಿ ಮಾತು ಮುಗಿಯಲಿಲ್ಲ. ರತ್ನ ಬಸಿರು ತೆಗೆಸಿಕೊಂಡಿದ್ದಾಳೆ ಎಂದರು, ನನ್ನದು ಬಿದ್ದುಹೋಯಿತು ಎಂದರು, ಎರಡನ್ನೂ ಸೇರಿಸಿ ಹೇಳಿದವರೂ ಇದ್ದರು. ನಮ್ಮ ಮನೆಯ ಗಳಗಳನ್ನು ಚಪ್ಪರಕ್ಕೆ ಬೇಡವೆಂದ ಮನೆಗಳೂ ಇದ್ದವು. ರತ್ನಳ ಮದುವೆ ಮುಂದೆ ಕಮ್ಮನಹಳ್ಳಿಯ ಕಡೆ ಆಯಿತು. ಅದು ಬೇರೆ ವರ್ಷದ ಮಾತು.

ಶ್ರಾವಣದಲ್ಲಿ ಇನ್ನೊಮ್ಮೆ ಸ್ಕ್ಯಾನಿಂಗಿಗೆ ಬರಲು ಡಾಕ್ಟರು ಹೇಳಿದ್ದರು. ಎಳೆ ಉಳಿದಿದ್ದರೆ ಮತ್ತೆ ಕೀವಾಗಬಹುದು, ನಾಳದ ಗೋಡೆಯನ್ನೂ ನೋಡಬೇಕು ಎಂದಿದ್ದರು. ಹೋದ ದಿನ ಜೋರು ಮಳೆ. ಈ ಸಲ ಅತ್ತೆ ಕೆಳಗೆ ನಿಲ್ಲಲಿಲ್ಲ. ಹೂವಿನವರು ತಲೆಯೆತ್ತಿ ನೋಡುತ್ತಿದ್ದಂತೆ ಮಗಳ ಮುಂದೆ ತಾವೇ ಮೆಟ್ಟಿಲು ಹತ್ತಿದರು. ರತ್ನಳ ಹೆಸರು ಕೂಗಿದಾಗ ಬೆಂಚಿನ ತುಂಬ ಇದ್ದ ಹೆಂಗಸರು ತಿರುಗಿ, ತಾಳಿಯಿಲ್ಲದ ಅವಳ ಕೊರಳು ನೋಡಿದರು. ನಾವು ಮೂವರೂ ಒಳಗೆ ಹೋದೆವು.

ಡಾಕ್ಟರು ನಿಧಾನವಾಗಿ ನೋಡಿದರು. ಬಿಳಿ ಗೀಟು ಎಲ್ಲೂ ಕಾಣಲಿಲ್ಲ. ನಾಳ ಬಡಿಯುತ್ತಿತ್ತು. "ಚೆನ್ನಾಗಿದೆಯಮ್ಮಾ. ಪೂರ್ತಿ ಬಂದಿದೆ," ಎಂದು ಪ್ರೋಬ್ ಎತ್ತಿದರು. ರತ್ನ ಏಳಲು ಹೊರಟಳು.

"ಇನ್ನೊಂದ್ಸಲ ನೋಡಿ ಡಾಕ್ಟ್ರೇ," ಎಂದರು ಅತ್ತೆ.

"ಎಲ್ಲಾ ಕಡೆ ನೋಡಿದೆ ಅಮ್ಮಾ. ಏನೂ ಇಲ್ಲ."

"ಹೌದು. ಆದ್ರೂ ಇನ್ನೊಂದ್ಸಲ."

ಹೊರಗೆ ಹೆಂಗಸರು ಗೊಣಗತೊಡಗಿದ್ದರು. ಅಷ್ಟು ಹೊತ್ತು ಏನು ನೋಡ್ತಾರೆ ಒಳಗೆ ಎಂದು ಯಾರೋ ನಮಗೆ ಕೇಳಿಸುವಂತೆಯೇ ಹೇಳಿದರು, ಯಾರೋ ನಕ್ಕರು. ಡಾಕ್ಟರು ಅತ್ತೆಯ ಮುಖ ನೋಡಿ, ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ಮಂಡಿಯ ಹಿಂದಿನಿಂದ ಮತ್ತೆ ಶುರು ಮಾಡಿದರು. ಅತ್ತೆ ಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದು, ಪರದೆಯ ಮುಂದೆ ನಿಂತರು.